ಆರಾಮ, ಡಿಟ್ಟೊ, ಡಿಟ್ಟೊ

(ವಿಶ್ವ ಮಾನಸಿಕ ಆರೋಗ್ಯ ದಿನದಂದು ಗದಗಿನ ಒಂದು ಪದವಿ ಕಾಲೇಜಿನಲ್ಲಿ ಆಡಿದ ಮಾತುಗಳು. ಬರೆದುಕೊಳ್ಳುವಾಗ ಅಲ್ಲಲ್ಲಿ ತಿದ್ದಿದ್ದೇನೆ. ವಿದ್ಯಾರ್ಥಿಗಳ ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡಿಕೊಟ್ಟವರು ನನ್ನನ್ನು ಮನಶ್ಶಾಸ್ತ್ರದ ತಜ್ಞೆ ಅಂದುಬಿಟ್ಟರು. ಅದನ್ನು ಮೊದಲೇ ತಿದ್ದಿಬಿಡುತ್ತೇನೆ. ನಾನು ಕಾಮರ್ಸ್ ಮೇಡಂ. ಧಾರವಾಡದಲ್ಲಿ ಇಪ್ಪತ್ತು ವರ್ಷದಿಂದ ಡೆಬಿಟ್ಟು-ಕ್ರೆಡಿಟ್ಟು ಹೇಳಿಕೊಡುತ್ತಿದ್ದೇನೆ. ಮನಸ್ಸಿನ ಬಗ್ಗೆ ನನಗೆ ಗೊತ್ತಿರೋದು ಸ್ವಲ್ಪ. ಅದರಲ್ಲೂ ಹೆಚ್ಚಿನದು ತಪ್ಪು ಮಾಡಿ ಕಲಿತದ್ದು. ಆ ತಪ್ಪುಗಳ ಲೆಕ್ಕ ಈ ನೋಟ್‌ಬುಕ್ಕಿನಲ್ಲಿದೆ. ಅದಕ್ಕೇ ಇದನ್ನು ತಂದಿದ್ದೇನೆ.

ಇದು ನೂರು ಪುಟದ ರೂಲ್ಡ್ ನೋಟ್‌ಬುಕ್. 2020ರ ಏಪ್ರಿಲ್‌ನದು. ಮಾರ್ಚ್ 25ಕ್ಕೆ ದೇಶವೇ ಲಾಕ್‌ಡೌನ್ ಆಯಿತಲ್ಲ. ಅದಕ್ಕೆ ಎರಡು ತಿಂಗಳೂ ಆಗಿರಲಿಲ್ಲ, ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸುಗಳ ಅಧಿಕೃತ ಉದ್ಘಾಟನೆ ಜೋರಾಗಿ ನಡೆದಿತ್ತು. ದಿನಾ ಹುಬ್ಬಳ್ಳಿಯಿಂದ ಅದೇ ಬಸ್ಸಿನಲ್ಲಿ ನಿಂತುಕೊಂಡು ಬರುತ್ತಿದ್ದೆ, ಸೀಟು ಸಿಗಲಿಲ್ಲ ಅಂತ ಗೊಣಗುತ್ತಿದ್ದೆ. ಒಂದೇ ವಾರದಲ್ಲಿ ಎಲ್ಲಾ ನಿಂತುಹೋಯಿತು. ಸಪ್ತಾಪುರದ ರೂಮುಗಳಲ್ಲಿ ಇದ್ದ ಹುಡುಗರು ಒಂದೊಂದು ಬ್ಯಾಗು ಹಿಡಿದುಕೊಂಡು ಊರಿಗೆ ಹೋದರು. ಹದಿನೈದು ದಿನದಲ್ಲಿ ಬರ್ತೀವಿ ಅಂತ ಪುಸ್ತಕ, ಹಾಸಿಗೆ, ಬಕೀಟು ಎಲ್ಲಾ ರೂಮಿನಲ್ಲೇ ಬಿಟ್ಟು ಹೋಗಿದ್ದರು.

ಆ ಏಪ್ರಿಲ್‌ನಲ್ಲಿ ಯುಜಿಸಿ ಎಲ್ಲಾ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆಯಿತು. ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ನೋಡಿಕೊಳ್ಳಿ, ಸಹಾಯವಾಣಿ ಇಡಿ, ಅಧ್ಯಾಪಕರು ಸಂಪರ್ಕದಲ್ಲಿರಲಿ ಅಂತ. ಪತ್ರ ಮೇಲಿಂದ ಕೆಳಗೆ ಇಳಿಯುತ್ತಾ ಇಳಿಯುತ್ತಾ ನನ್ನ ವಾಟ್ಸಾಪಿಗೆ ಬರುವ ಹೊತ್ತಿಗೆ ಒಂದು ಪಟ್ಟಿ ಆಗಿತ್ತು. 42 ಹೆಸರು, 42 ಫೋನ್ ನಂಬರ್. ವಾರಕ್ಕೊಮ್ಮೆ ಎಲ್ಲರಿಗೂ ಫೋನ್ ಮಾಡಿ ವರದಿ ಕೊಡಬೇಕು.

ನಾನು ಲೆಕ್ಕದವಳು. ಕಾಲಂ ಹಾಕಿದೆ. ರೋಲ್ ನಂಬರ್, ಹೆಸರು, ಊರು, ಫೋನು. ಕೊನೆಯ ಕಾಲಂಗೆ ‘ಹೇಗಿದ್ದಾರೆ’ ಅಂತ ಬರೆದೆ. ಮೊದಲನೇ ಹುಡುಗನಿಗೆ ಫೋನ್ ಮಾಡಿದೆ.

“ಆರಾಮ ಅದೀಯೇನಪಾ?”

“ಆರಾಮ್ರಿ ಮೇಡಂ.”

ಬರೆದುಕೊಂಡೆ: ಆರಾಮ. ಎರಡನೆಯವಳು, ಆರಾಮ. ಮೂರನೆಯವನಿಗೆ ಡಿಟ್ಟೊ ಹಾಕಿದೆ. ಆಮೇಲೆ ಕೆಳಗಿನವರೆಗೂ ಬರೀ ಡಿಟ್ಟೊ. ಹತ್ತಿರ ಕೂತವರಿಗೆ ಕಾಣಿಸ್ತಿರಬಹುದು, ಇಲ್ಲಿ ಎರಡೆರಡು ಚುಕ್ಕಿ ಇರುವೆ ಸಾಲಿನ ಹಾಗೆ ಇಳಿದುಹೋಗಿವೆ. ಒಂದು ಫೋನಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ವರದಿ ಅದೇ ದಿನ ಸಂಜೆ ಕಳಿಸಿದೆ. ಶಭಾಷ್ ಅಂತ ಹೆಬ್ಬೆರಳಿನ ಚಿತ್ರವೂ ಬಂತು.

ನಮ್ಮ ಕಡೆ ‘ಆರಾಮ’ ಅನ್ನೋದು ಬಹಳ ದೊಡ್ಡ ಶಬ್ದ. ಜ್ವರ ಬಂದರೆ ‘ಆರಾಮ ಇಲ್ರಿ’ ಅಂತೀವಿ. ಮನಸ್ಸು ಕೆಟ್ಟರೂ ‘ಆರಾಮ ಇಲ್ಲ’. ದೇಹ ಬೇರೆ, ಮನಸ್ಸು ಬೇರೆ ಅಂತ ನಮ್ಮ ಮಾತಿನಲ್ಲಿ ಗೆರೆ ಎಳೆದಿಲ್ಲ. ನನಗೆ ಅದು ಇಷ್ಟ. ಆದರೆ ದಾರಿಯಲ್ಲಿ ಎದುರಾದವರು ಆರಾಮ ಅದೀರೇನ್ರಿ ಅಂದಾಗ ಯಾರೂ ‘ಇಲ್ಲ’ ಅನ್ನೋದಿಲ್ಲ. ಹಲ್ಲು ನೋವಿದ್ದರೂ ಆರಾಮ, ಸಾಲ ಕೊಟ್ಟವ ಬಾಗಿಲಲ್ಲಿ ಕೂತಿದ್ದರೂ ಆರಾಮ. ಅದು ನಮಸ್ಕಾರಕ್ಕೆ ನಮಸ್ಕಾರ ಅಂದ ಹಾಗೆ. ನಾನು 42 ಜನರಿಗೆ ನಮಸ್ಕಾರ ಹೇಳಿ, ಅವರ ಆರೋಗ್ಯದ ವರದಿ ಅಂತ ಬರೆದು ಕಳಿಸಿದ್ದೆ.

ಲೆಕ್ಕ ಎಷ್ಟು ತಪ್ಪಾಗಿತ್ತು ಅಂತ ಆಮೇಲೆ ಗೊತ್ತಾಯಿತು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆ ಇದೆ. ಅದರ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.6 ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅದು ಮಹಾಮಾರಿ ಬರೋದಕ್ಕೆ ಮುಂಚಿನ ಮಾತು. ಕೊರೊನಾದ ಮೊದಲ ವರ್ಷದಲ್ಲಿ ಆತಂಕ ಮತ್ತು ಖಿನ್ನತೆ ಜಗತ್ತಿನಾದ್ಯಂತ ಶೇ. 25ರಷ್ಟು ಹೆಚ್ಚಾಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಸುಮ್ನೆ ಕೈಲೆಕ್ಕ ಹಾಕಿದರೂ 42 ಜನರಲ್ಲಿ ನಾಲ್ಕೈದು ಮಂದಿಯಾದರೂ ಕಾಣಬೇಕಿತ್ತು. ನನ್ನ ನೋಟ್‌ಬುಕ್ಕಿನಲ್ಲಿ ಸೊನ್ನೆ. ಅಷ್ಟು ಸ್ವಚ್ಛ ಬ್ಯಾಲೆನ್ಸ್ ಶೀಟು ನೋಡಿದರೆ ಯಾವ ಆಡಿಟರಿಗಾದರೂ ಅನುಮಾನ ಬರುತ್ತೆ, ಅಲ್ವಾ?

ರೋಲ್ ನಂಬರ್ 27. ಇವನ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ.

ಇಲ್ಲೇ ಬೆಟಗೇರಿ ಕಡೆಯ ಹುಡುಗ. ಅಪ್ಪ ನೇಕಾರ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ಇವನೇ ಮೊದಲು. ಕ್ಲಾಸಿನಲ್ಲಿ ಮುಂದಿನ ಬೆಂಚು, ಕೈಬರಹ ಮುತ್ತಿನಂಥದ್ದು. ಲಾಕ್‌ಡೌನಿನಲ್ಲಿ ನೂಲು ಬರೋದು ನಿಂತಿತು, ನೇಯ್ದ ಸೀರೆ ಒಯ್ಯುವವರಿಲ್ಲ, ಮಗ್ಗ ನಿಂತಿತು. ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲೇ ಮಲಗಿದವನಿಗೆ ಆ ಸದ್ದಿಲ್ಲದೆ ನಿದ್ದೆ ಬರಲಿಲ್ಲವಂತೆ. ಇದನ್ನು ಅವನು ನನಗೆ ಹೇಳಿದ್ದು ಎಷ್ಟೋ ತಿಂಗಳ ಮೇಲೆ.

ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಅವನ ಹೆಸರಿನ ಮುಂದೆ ಪ್ರತಿ ವಾರವೂ ಡಿಟ್ಟೊ ಇದೆ. ಆ ವರ್ಷ ಮಧ್ಯದ ಸೆಮಿಸ್ಟರಿನವರಿಗೆ ಪರೀಕ್ಷೆ ಇಲ್ಲದೆಯೇ ಮುಂದಿನ ತರಗತಿ ಸಿಕ್ಕಿತು. ಎಲ್ಲರೂ ಸ್ಟೇಟಸ್ ಹಾಕಿ ಕುಣಿದರು. ಆಮೇಲೆ ಫೀ ಕಟ್ಟದವರ ಪಟ್ಟಿ ಬಂತು, ಅದರಲ್ಲಿ 27 ಇತ್ತು. ದುಡ್ಡಿನ ತೊಂದರೆ ಇರಬೇಕು ಅಂದುಕೊಂಡು ಫೋನ್ ಮಾಡಿದೆ. ಅವನು ಎತ್ತಲಿಲ್ಲ. ಮೂರನೇ ಸಲಕ್ಕೆ ಅವನ ತಾಯಿ ಎತ್ತಿದರು.

“ಹಗಲೆಲ್ಲಾ ಮಲಗ್ತಾನ್ರಿ ಮೇಡಂ. ರಾತ್ರಿ ಎಲ್ಲಾ ಎದ್ದು ಕುಂದರ್ತಾನ. ಉಣ್ಣಾಕ ಕರದ್ರ ಆಮ್ಯಾಲೆ ಅಂತಾನ. ನೀವರ ಒಂದ್ ಮಾತ ಹೇಳ್ರಿ, ನಿಮ್ಮ ಮಾತ ಕೇಳ್ತಾನ.”

ಫೋನು ಅವನ ಕೈಗೆ ಬಂತು. ಆರಾಮ ಅದೀಯೇನಪಾ ಅಂದೆ. ಆರಾಮ್ರಿ ಅಂದ. ಅಷ್ಟಕ್ಕೆ ಇಡುತ್ತಿದ್ದೆ, ತಾಯಿಯ ಮಾತು ಕಿವಿಯಲ್ಲಿತ್ತು. ಅದಕ್ಕೆ ಕೇಳಿದೆ, “ನಿನ್ನೆ ರಾತ್ರಿ ಎಷ್ಟಕ್ಕ ಮಲಗಿದಿ?”

ಸುಮಾರು ಹೊತ್ತು ಮಾತೇ ಇಲ್ಲ. ಲೈನ್ ಕಟ್ಟಾಯಿತೇನೋ ಅಂತ ಪರದೆ ನೋಡಿದೆ. ಆಮೇಲೆ ಬಂತು: “ಬೆಳಗಿನ ಆರಕ್ಕ್ರಿ.” ಇನ್ನೂ ಸ್ವಲ್ಪ ಬಿಟ್ಟು, “ದಿನಾನೂ ಹಂಗ ಆಗಾಕತ್ತೈತ್ರಿ ಮೇಡಂ.” ಅಲ್ಲಿಂದ ಮುಂದೆ ಅವನು ಅತ್ತ. ನನಗೆ ಏನು ಹೇಳಬೇಕು ಅಂತ ತೋಚಲಿಲ್ಲ. ಒಳ್ಳೆಯದೇ ಆಯಿತು. ತೋಚಿದ್ದರೆ ಉಪದೇಶ ಶುರು ಮಾಡುತ್ತಿದ್ದೆ.

ಈಗ ನಿದ್ದೆಯ ಮಾತಿಗೆ ಬರುತ್ತೇನೆ. ಆ ಎರಡು ವರ್ಷದಲ್ಲಿ ನಾನು ನೋಡಿದ ಮಕ್ಕಳಲ್ಲಿ ಹೆಚ್ಚಿನವರ ಕಥೆ ಅಲ್ಲಿಂದಲೇ ಶುರುವಾಗಿತ್ತು. ನಮ್ಮ ಮೈಯೊಳಗೆ ಒಂದು ಗಡಿಯಾರ ಇದೆ. ಅದಕ್ಕೆ ಕೀಲಿ ಕೊಡೋದು ಮುಂಜಾನೆಯ ಬೆಳಕು. ಕತ್ತಲಾದ ಮೇಲೆ ಮೆಲಟೋನಿನ್ ಅನ್ನೋ ಹಾರ್ಮೋನು ಏರಿ ನಿದ್ದೆಗೆ ಸಿದ್ಧ ಮಾಡುತ್ತೆ. ಮಧ್ಯರಾತ್ರಿ ಮುಖಕ್ಕೆ ಫೋನಿನ ಬೆಳಕು ಹಿಡಿದರೆ ಅದು ತಡವಾಗುತ್ತೆ. ಮೊದಲೆಲ್ಲ ಏಳೂವರೆಯ ಬಸ್ಸು, ಖಾನಾವಳಿಯ ಊಟದ ಹೊತ್ತು, ಮೇಡಂ ಬೈತಾರೆ ಅನ್ನೋ ಹೆದರಿಕೆ, ಇವೆಲ್ಲ ಸೇರಿ ನಿಮ್ಮ ದಿನವನ್ನು ಹಿಡಿದು ನಿಲ್ಲಿಸಿದ್ದವು. ಲಾಕ್‌ಡೌನಿನಲ್ಲಿ ಅವೆಲ್ಲ ಒಮ್ಮೆಗೇ ಬಿದ್ದುಹೋದವು. ಮಂಗಳವಾರಕ್ಕೂ ಭಾನುವಾರಕ್ಕೂ ವ್ಯತ್ಯಾಸ ಇರಲಿಲ್ಲ. ಎದ್ದು ಹೋಗೋದಕ್ಕೆ ಜಾಗ ಇಲ್ಲ ಅಂದಮೇಲೆ ಯಾಕೆ ಏಳಬೇಕು?

ನಮ್ಮಜ್ಜಿ ಪ್ಲೇಗಿನ ಕಥೆ ಹೇಳುತ್ತಿದ್ದಳು. ಅವಳೂ ನೋಡಿದ್ದಲ್ಲ, ಅವಳ ಅವ್ವನಿಂದ ಕೇಳಿದ್ದು. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಬಹಳ ಜನರನ್ನು ಒಯ್ಯಿತು. ಇಲಿ ಬಿತ್ತು ಅಂದರೆ ಜನ ಮನೆಗೆ ಬೀಗ ಹಾಕಿ ಹೊಲಕ್ಕೆ ಹೋಗಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಸಾವು ಕಡಿಮೆ ಇರಲಿಲ್ಲ, ಆ ಕಾಲ ಚಲೋ ಇತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಓಣಿಗೆ ಓಣಿಯೇ ಒಟ್ಟಿಗೆ ಹೊರಗೆ ಹೋಗುತ್ತಿತ್ತು ಅಂತ ಅಜ್ಜಿ ಹೇಳುತ್ತಿದ್ದ ರೀತಿ ನನಗೆ 2020ರಲ್ಲಿ ಪದೇ ಪದೇ ನೆನಪಾಯಿತು. ನಮಗೆ ಒಳಗೆ ಹೋಗಿ ಅಂದರು. ಅದೂ ಒಬ್ಬೊಬ್ಬರೇ.

ಹುಡುಗಿಯರ ಕಥೆ ಇನ್ನೊಂದು ಥರ. ಅವರಿಗೆ ಮಲಗೋಕೂ ಬಿಡಲಿಲ್ಲ. ಮನೆಗೆ ಬಂದ ಮಗಳು ಅಂದರೆ ಮನೆಗೆ ಬಂದ ಎರಡು ಕೈ. ಬೆಳಿಗ್ಗೆ ಒಂಬತ್ತೂವರೆಗೆ ನನ್ನ ಆನ್‌ಲೈನ್ ಕ್ಲಾಸು. ಒಂದು ದಿನ ಪಾಠದ ನಡುವೆ ತಪ ತಪ ತಪ ಅಂತ ಸದ್ದು ಶುರುವಾಯಿತು. ನಿಲ್ಲಲೇ ಇಲ್ಲ. ನಾನು ಸಿಟ್ಟಿನಿಂದ, “ಯಾರದು ಸದ್ದು? ಕ್ಲಾಸ್ ಕೇಳ್ತೀರೋ, ರೊಟ್ಟಿ ಬಡೀತೀರೋ?” ಅಂದೆ. ಎಲ್ಲರೂ ನಕ್ಕರು. ಚಾಟಿನಲ್ಲಿ ನಗುವ ಮುಖಗಳು ಸಾಲಾಗಿ ಬಂದವು. ಸದ್ದು ಟಕ್ಕನೆ ನಿಂತಿತು.

ಅದು ರೊಟ್ಟಿಯದೇ ಆಗಿತ್ತು. ರೋಲ್ ನಂಬರ್ 11. ಒಂದು ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡು ಎಂಟು ಜನರ ಮನೆಗೆ ಜೋಳದ ರೊಟ್ಟಿ ಬಡಿಯುತ್ತಾ ಅವಳು ಡಿಪ್ರಿಸಿಯೇಶನ್ ಪಾಠ ಕೇಳುತ್ತಿದ್ದಳು. ಮ್ಯೂಟ್ ಮಾಡೋಕೆ ಹಿಟ್ಟಿನ ಕೈ. ಅವತ್ತಿನಿಂದ ಅವಳ ಧ್ವನಿ ಕ್ಲಾಸಿನಲ್ಲಿ ಕೇಳಲಿಲ್ಲ. ಹೆಸರು ಮಾತ್ರ ಒಂದೆರಡು ವಾರ ಪರದೆಯ ಮೇಲೆ ಇತ್ತು. ಅದೇ ಬೇಸಿಗೆಯಲ್ಲಿ ನಮ್ಮ ಕಡೆ ಮನೆಯ ಮುಂದೆ ಸಣ್ಣ ಹಂದರ ಹಾಕಿ ಎಷ್ಟು ಲಗ್ನ ಆದವು ಅಂತ ನಿಮಗೆ ಗೊತ್ತಿದೆ. ಕಾಲೇಜು ಹೆಂಗೂ ಬಂದ್ ಐತಿ, ಜನಾನೂ ಕಡಿಮಿ, ಖರ್ಚೂ ಕಡಿಮಿ. ಅವಳದೂ ಆಯಿತು. ನನಗೆ ವಾಟ್ಸಾಪಿನಲ್ಲಿ ಗೊತ್ತಾಯಿತು.

2021ರ ಎರಡನೇ ಅಲೆಯ ಬಗ್ಗೆ ಜಾಸ್ತಿ ಮಾತಾಡಲ್ಲ. ಈ ಸಭೆಯಲ್ಲೇ ಮನೆಯವರನ್ನು ಕಳೆದುಕೊಂಡವರು ಇರಬಹುದು. ಒಂದೇ ಒಂದು ಹೇಳುತ್ತೇನೆ. ನಮ್ಮಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚೋದಿಲ್ಲ. ಓಣಿಯವರು ರೊಟ್ಟಿ, ಪಲ್ಯ, ಅನ್ನ ತಂದಿಟ್ಟು ಕೂತು ಉಣ್ಣಿಸಿ ಹೋಗುತ್ತಾರೆ. ಆ ಏಪ್ರಿಲ್-ಮೇನಲ್ಲಿ ಬೆರಳೆಣಿಕೆಯ ಜನ ಮಣ್ಣಿಗೆ ಹೋಗಿ ಬಂದರು, ಓಣಿಯವರು ಬಾಗಿಲು ತೆರೆಯಲಿಲ್ಲ. ಅಪ್ಪನನ್ನು ಕಳೆದುಕೊಂಡ ಒಬ್ಬ ಹುಡುಗಿ ನನಗೆ ಫೋನ್ ಮಾಡಿ ಕೇಳಿದಳು. “ಮೇಡಂ, ಅಪ್ಪನ ಫೋನಿಗೆ ಇನ್ನೂ ಕಾಲ್ ಬರ್ತಾವ್ರಿ. ಏನಂತ ಹೇಳ್ಲಿ?” ಅವಳಿಗೆ ಇಂಟರ್ನಲ್ ಅಂಕ ಬಾಕಿ ಇದೆ ಅಂತ ನೆನಪಿಸೋಕೆ ಅವತ್ತೇ ಬೆಳಿಗ್ಗೆ ನಾನು ಮೆಸೇಜು ಹಾಕಿದ್ದೆ.

27ರ ಕಥೆ ಅರ್ಧಕ್ಕೆ ಬಿಟ್ಟೆ. ಅವನಿಗೆ ಆಗಿದ್ದು ಬರೀ ಬ್ಯಾಸರ ಅಲ್ಲ ಅಂತ ನನಗೆ ಅನ್ನಿಸಿತು. ಬ್ಯಾಸರ ಎಲ್ಲರಿಗೂ ಬರುತ್ತೆ, ಗೆಳೆಯ ಬಂದರೆ, ಒಂದು ಗಿರ್ಮಿಟ್ಟು ತಿಂದರೆ ಹೋಗುತ್ತೆ. ವೈದ್ಯರು ನೋಡೋದು ಬೇರೆ. ಎರಡು ವಾರಕ್ಕಿಂತ ಹೆಚ್ಚು ದಿನ, ದಿನದ ಹೆಚ್ಚಿನ ಹೊತ್ತು ಮನಸ್ಸು ಕುಗ್ಗಿದೆಯಾ? ಮೊದಲು ಖುಷಿ ಕೊಡುತ್ತಿದ್ದ ಕ್ರಿಕೆಟ್ಟು, ಹಾಡು, ಯಾವುದೂ ಬೇಡ ಅನ್ನಿಸುತ್ತಾ? ನಿದ್ದೆ, ಹಸಿವು ಕೆಟ್ಟಿದೆಯಾ? ನಾನು ಯಾತಕ್ಕೂ ಬರದವನು ಅಂತ ಅನ್ನಿಸುತ್ತಾ? ಅವನಿಗೆ ನಾಲ್ಕೂ ಇತ್ತು. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಬನ್ನಿ ಅಂತ ಅವನ ತಂದೆಗೆ ಹೇಳಿದೆ.

ಅವರು ಅಂದಿದ್ದು ಇವತ್ತಿಗೂ ಮರೆತಿಲ್ಲ. “ಓದಾಕ ಅಂತ ಧಾರವಾಡಕ್ಕ ಕಳಿಸಿದ್ದೆರಿ ಮೇಡಂ. ಈಗ ನೀವು ಹಿಂಗ ಧಾರವಾಡಕ್ಕ ಕರಕೊಂಡ ಬಾ ಅಂದ್ರ, ಓಣಿ ಮಂದಿ ಏನಂತಾರ?”

ನಗು ಬಂತಲ್ವಾ ನಿಮಗೆ? ನಮ್ಮ ಕಡೆ ಯಾರಾದರೂ ಸ್ವಲ್ಪ ವಿಚಿತ್ರ ಆಡಿದರೆ ‘ಇವನ್ನ ಧಾರವಾಡಕ್ಕ ಒಯ್ಯಬೇಕು’ ಅಂತೀವಿ. ಕ್ಲಾಸಿನಲ್ಲಿ ನಾನೂ ಅಂದಿದ್ದೇನೆ. ಬೆಳಗಾವಿ ರಸ್ತೆಯ ಆ ಆಸ್ಪತ್ರೆ 1845ರಲ್ಲಿ ಶುರುವಾಗಿದ್ದು. ಕರ್ನಾಟಕ ಕಾಲೇಜು 1917ರದು, ವಿಶ್ವವಿದ್ಯಾಲಯ 1949ರದು. ಧಾರವಾಡ ವಿದ್ಯೆಯ ಊರು ಅನ್ನಿಸಿಕೊಳ್ಳೋದಕ್ಕೂ ಎಷ್ಟೋ ಮುಂಚೆ ಮನಸ್ಸು ನೊಂದವರ ಊರಾಗಿತ್ತು. ನಮ್ಮ ಜಿಲ್ಲೆಗಳ ಮಕ್ಕಳು ಒಂದಕ್ಕೆ ಹೆಮ್ಮೆಯಿಂದ ಬರುತ್ತಾರೆ, ಇನ್ನೊಂದಕ್ಕೆ ಟವೆಲ್ಲು ಮುಚ್ಚಿಕೊಂಡು ಬರುತ್ತಾರೆ.

ಕೊನೆಗೆ ಅವರು ಧಾರವಾಡಕ್ಕೆ ಬರಲೇ ಇಲ್ಲ. ಗದಗಿನ ಜಿಲ್ಲಾ ಆಸ್ಪತ್ರೆಗೆ ಹೋದರು, ಅಲ್ಲೇ ಮನೋವೈದ್ಯರು ಸಿಕ್ಕರು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಮಾನಸಿಕ ಆರೋಗ್ಯದ ಸೇವೆ ಜಿಲ್ಲೆಯಲ್ಲೇ ಸಿಗಬೇಕು ಅಂತ ಒಂದು ಸರ್ಕಾರಿ ಕಾರ್ಯಕ್ರಮ ಇದೆ. ದೇಶಕ್ಕೆಲ್ಲ ಅದರ ಮಾದರಿ ಸಿದ್ಧವಾಗಿದ್ದು 1980ರ ದಶಕದಲ್ಲಿ, ನಮ್ಮ ಬಳ್ಳಾರಿಯಲ್ಲಿ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ‘ಮನೋಚೈತನ್ಯ’ ಶಿಬಿರವೂ ಇದೆ.

ಗುಳಿಗೆ ಬರೆದುಕೊಟ್ಟರು. ನಿದ್ದೆಗುಳಿಗೆ ಇರಬೇಕು, ಚಟ ಹತ್ತುತ್ತೆ ಅಂತ ತಂದೆಗೆ ಭಯ. ಖಿನ್ನತೆಯ ಗುಳಿಗೆ ಆ ಥರ ಚಟ ಹಿಡಿಸುವಂಥದ್ದಲ್ಲ. ಆದರೆ ಕೆಲಸ ತೋರಿಸೋದಕ್ಕೆ ಎರಡರಿಂದ ನಾಲ್ಕು ವಾರ ಬೇಕು. ನಮ್ಮವರು ಎಂಟನೇ ದಿನಕ್ಕೆ ‘ಏನೂ ಫರಕ್ಕಿಲ್ಲ’ ಅಂತ ಬಿಟ್ಟುಬಿಡುತ್ತಾರೆ. ಇಲ್ಲ ಅಂದರೆ ಸ್ವಲ್ಪ ಹಗುರ ಅನ್ನಿಸಿದ ತಕ್ಷಣ ನಿಲ್ಲಿಸುತ್ತಾರೆ. ಎರಡೂ ತಪ್ಪು. ಡಾಕ್ಟರನ್ನು ಕೇಳದೆ ಬಿಡಬಾರದು.

ಗುಳಿಗೆಯ ಜೊತೆ ಡಾಕ್ಟರ್ ಇನ್ನೊಂದು ಹೇಳಿದ್ದರು. ದಿನಾ ಮುಂಜಾನೆ ಏಳಕ್ಕೆ ಹಾಲು ತರೋದು ನಿನ್ನ ಕೆಲಸ. ಮನಸ್ಸು ಬಂದರೂ ಹೋಗು, ಬರದಿದ್ದರೂ ಹೋಗು. ನನಗೆ ಮೊದಲು ನಗು ಬಂತು. ಖಿನ್ನತೆಗೆ ಹಾಲಿನ ಪಾಕೀಟು ಮದ್ದಾ? ಆಮೇಲೆ ತಿಳಿಯಿತು, ಅದು ಚಿಕಿತ್ಸೆಯದೇ ಒಂದು ಭಾಗ. ಉತ್ಸಾಹ ಬಂದ ಮೇಲೆ ಏಳ್ತೀನಿ ಅಂತ ಕಾಯುತ್ತಾ ಕೂತರೆ ಅದು ಬರೋದೇ ಇಲ್ಲ. ಎದ್ದು ಓಡಾಡಿದ ಮೇಲೆ ನಿಧಾನಕ್ಕೆ ಬರುತ್ತೆ. ಜೊತೆಗೆ ಮುಂಜಾನೆಯ ಬಿಸಿಲು ಮುಖಕ್ಕೆ ಬೀಳುತ್ತೆ. ಅಂಗಡಿಯವ ‘ಏನ್ ಹೀರೋ’ ಅಂತಾನೆ. ಒಂದು ದಿನ ಅವನು ಫೋನ್ ಮಾಡಿ, “ಮೇಡಂ, ಇವತ್ತ ಹಾಲು ತಂದು ಚಾನೂ ನಾನ ಮಾಡಿದೆ” ಅಂದ. ಪದವಿ ಮುಗಿಸೋದು ಒಂದು ವರ್ಷ ತಡ ಆಯಿತು. ಈಗ ಹುಬ್ಬಳ್ಳಿಯಲ್ಲಿ ಜಿಎಸ್‌ಟಿ ಲೆಕ್ಕ ಬರೆಯುತ್ತಾನೆ. ಇದನ್ನು ಇಲ್ಲಿ ಹೇಳಬಹುದಾ ಅಂತ ಅವನನ್ನೇ ಕೇಳಿದೆ. ಹೇಳ್ರಿ, ಹೆಸರು ಮಾತ್ರ ಬ್ಯಾಡ್ರಿ ಅಂದ.

ಇಲ್ಲಿ ಕೊನೆಯ ವರ್ಷದಲ್ಲಿ ಇರುವವರಲ್ಲಿ ಹೆಚ್ಚಿನವರು 2021ರಲ್ಲಿ ಎಸ್ಸೆಸ್ಸೆಲ್ಸಿ ಬರೆದವರು, ಹೌದಲ್ಲ? ಜುಲೈ 19 ಮತ್ತು 22, ಎರಡೇ ದಿನದಲ್ಲಿ ಆರು ವಿಷಯ. ನಿಮ್ಮನ್ನು ‘ಕೊರೊನಾ ಪಾಸ್’ ಅಂತ ಕಾಡಿಸ್ತಾರಾ? ಹಿಂದಿನ ಬೆಂಚಿನ ನಗುವಿನಲ್ಲೇ ಉತ್ತರ ಬಂತು. ಅಧ್ಯಾಪಕರಿಗೆ ಒಂದು ಮಾತು. ಸ್ಟಾಫ್ ರೂಮಿನಲ್ಲೂ ನಾವು ಈ ಶಬ್ದ ಆಡುತ್ತೇವೆ. ಮಾನಸಿಕ ಕಾಯಿಲೆಗಳಲ್ಲಿ ಮುಕ್ಕಾಲು ಪಾಲು 24 ವಯಸ್ಸಿನೊಳಗೇ ಶುರುವಾಗುತ್ತವೆ. ಅಂಥ ವಯಸ್ಸಿನ ಎರಡು ವರ್ಷ ಇವರು ಗೋಡೆ ನೋಡುತ್ತಾ ಕಳೆದಿದ್ದಾರೆ. ಪ್ರೆಸೆಂಟೇಶನ್ ಕೊಡು ಅಂದರೆ ಬೆವರುವವನಿಗೆ ಸೋಮಾರಿ ಅನ್ನೋದಕ್ಕೆ ಮುಂಚೆ ಸ್ವಲ್ಪ ಯೋಚಿಸೋಣ.

ಗೆಳೆಯರಾಗಿ ನೀವು ಏನು ಮಾಡಬಹುದು ಅಂತ ಸಂಘಟಕರು ಹೇಳೋಕೆ ಹೇಳಿದ್ದಾರೆ. ನನ್ನ ಹತ್ತಿರ ದೊಡ್ಡ ಪಟ್ಟಿ ಇಲ್ಲ. ‘ಆರಾಮ’ ಅಂದ ಮೇಲೆ ಫೋನ್ ಇಡಬೇಡಿ, ಇನ್ನೊಂದು ಕೇಳಿ. ಅದು ಚಿಕ್ಕದಾಗಿರಲಿ. ಎಷ್ಟಕ್ಕೆ ಮಲಗಿದಿ, ಏನು ಉಂಡಿ, ಇವತ್ತು ಹೊರಗೆ ಹೋಗಿದ್ಯಾ. ಚಿಕ್ಕ ಪ್ರಶ್ನೆಗೆ ಸುಳ್ಳು ಹೇಳೋದು ಕಷ್ಟ. ಯಾರಾದರೂ ‘ಸತ್ತು ಹೋದ್ರ ಚಲೋ ಅನಸ್ತದ’ ಅಂದರೆ ತಮಾಷೆ ಅಂತ ಬಿಡಬೇಡಿ. ಸಾಯೋ ವಿಚಾರ ಮಾಡ್ತಿದ್ದೀಯಾ ಅಂತ ನೇರವಾಗಿ ಕೇಳಿ. ಕೇಳಿದರೆ ಆ ವಿಚಾರ ತಲೆಗೆ ಹೊಕ್ಕುತ್ತೆ ಅನ್ನೋದು ಸುಳ್ಳು. ಒಬ್ಬರನ್ನೇ ಬಿಡಬೇಡಿ, ದೊಡ್ಡವರೊಬ್ಬರಿಗೆ ಹೇಳಿ. ಗುಟ್ಟು ಕಾಯೋ ಹೊತ್ತಲ್ಲ ಅದು. ಕೇಸ್ ಆಗುತ್ತೆ ಅನ್ನೋ ಭಯದಿಂದ ಆಸ್ಪತ್ರೆಗೆ ಒಯ್ಯೋಕೆ ಹಿಂಜರಿಯಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸಾಯೋಕೆ ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿ ಇರುವವರು ಅಂತಲೇ ನೋಡುತ್ತೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. 2022ರಲ್ಲಿ ಶುರುವಾದ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಂಬರ್ ಈಗಲೇ ಬರೆದುಕೊಳ್ಳಿ. ಬರೆದುಕೊಂಡಿರಾ? ನಾನು ಕಾಯ್ತೀನಿ.

(ಮಾತು ಮುಗಿದ ಮೇಲೆ ಎರಡು ಪ್ರಶ್ನೆ ಬಂದವು. ಒಬ್ಬ ಹುಡುಗ, ಆ ನಂಬರಿಗೆ ಫೋನ್ ಮಾಡಿದರೆ ಮನೆಯವರಿಗೆ ಗೊತ್ತಾಗುತ್ತಾ ಅಂತ ಕೇಳಿದ. ಇಲ್ಲ, ನಿಮ್ಮ ಮಾತು ಗುಟ್ಟಾಗಿಯೇ ಇರುತ್ತೆ, ಜೀವಕ್ಕೇ ಅಪಾಯ ಅನ್ನಿಸಿದಾಗಿನ ಮಾತು ಬೇರೆ ಅಂದೆ. ಎರಡನೆಯದು ಮುಂದಿನ ಸಾಲಿನ ಹುಡುಗಿಯೊಬ್ಬಳದು. “ರೊಟ್ಟಿ ಬಡೀತಿದ್ದಾಕಿ ಡಿಗ್ರಿ ಮುಗಿಸಿದ್ಲೇನ್ರಿ ಮೇಡಂ?”

ನೋಟ್‌ಬುಕ್ ತೆಗೆದು ನೋಡಿದೆ. ರೋಲ್ ನಂಬರ್ 11ರ ಮುಂದೆ ಜೂನ್‌ವರೆಗೆ ಡಿಟ್ಟೊ ಇದೆ. ಆಮೇಲೆ ಖಾಲಿ. ಆ ನಂಬರಿಗೆ ಎರಡು ವರ್ಷದ ಹಿಂದೆ ಒಮ್ಮೆ ಫೋನ್ ಮಾಡಿದ್ದೆ. ಯಾರೋ ಗಂಡಸು ಎತ್ತಿ, ರಾಂಗ್ ನಂಬರ್ರಿ ಅಂದ.)